ಹಿರಿಯಳಿಯನ ಕುರ್ಚಿ

“ಈ ಸಲ ನಾಯೀನೂ ಬರಲ್ಲ, ನಾನೂ ತಡ ಮಾಡಲ್ಲ. ಇದು ಷಡಕ್ಷರಿ ಮಾತು!”

ಕೊಟ್ಟಿಗೆಹಾರದ ಸಣ್ಣ ಕಾಫಿ ತೋಟದ ದೊಡ್ಡ ಒಡೆಯ ಷಡಕ್ಷರಿ ಎದೆ ತಟ್ಟಿಕೊಂಡ. ಎರಡು ದಿನ ಮುಂಚೆಯೇ ಗೋಣಿಬೀಡಿನ ತವರಿಗೆ ಹೊರಟಿದ್ದ ಹೆಂಡತಿ ತುಂಗಮ್ಮ ಸೆರಗು ಸಿಕ್ಕಿಸಿಕೊಂಡಳು.

“ನಿಮ್ಮ ಮಾತು ನಾನು ಕಾಣದ್ದೇ? ಹನ್ನೊಂದಕ್ಕೆ ಫೋಟೋ. ಪ್ಲೇಟು ಇರೋದು ಒಂದೇ ಅಂತೆ, ನೆನಪಿಟ್ಕೊಳ್ಳಿ.”

ಫೋಟೋ ತೆಗೆಸಿದರೆ ಆಯಸ್ಸು ಸವೆಯುತ್ತದೆಂದು ಅರವತ್ತು ವರ್ಷ ಹಟ ಹಿಡಿದಿದ್ದ ಅತ್ತೆ ದೇವೀರಮ್ಮ ಅಂತೂ ಒಪ್ಪಿದ್ದರು. ಯುದ್ಧದ ಕಾಲ, ಚಿಕ್ಕಮಗಳೂರಿನ ಫೋಟೋದವನ ಹತ್ತಿರ ಉಳಿದಿದ್ದದ್ದು ಒಂದೇ ಒಂದು ಗಾಜಿನ ಪ್ಲೇಟು. ಅತ್ತೆಯ ಬಲಗಡೆಯ ಕುರ್ಚಿ ಹಿರಿಯಳಿಯನಿಗೆ. ಅದರಲ್ಲಿ ಕೂರಲೆಂದೇ ಷಡಕ್ಷರಿ ಹೊಸ ಕ್ಲೋಸ್ ಕೋಟು ಹೊಲಿಸಿದ್ದ!

ಇನ್ನು ನಾಯಿ. ಹೆಸರು ಮೇಜರ್. ಆ ಮನೆಯಲ್ಲಿ ಅದಕ್ಕಿಂತ ಮೇಲಿನ ಹುದ್ದೆ ತುಂಗಮ್ಮನದೊಂದೇ. ಹೋದ ದೀಪಾವಳಿಗೆ ಯಜಮಾನನ ಜತೆ ಗೋಣಿಬೀಡಿಗೆ ನಡೆದು ಹೋಗಿದ್ದ ಮೇಜರ್, ಅತ್ತೆಯ ಒಲೆಯ ಮುಂದಿದ್ದ ಎಂಟು ಹೋಳಿಗೆಗಳನ್ನು ವಶಪಡಿಸಿಕೊಂಡಿದ್ದ. “ಆ ಪ್ರಾಣಿ ಇನ್ನು ನನ್ನ ಹೊಸ್ತಿಲು ದಾಟಬಾರದು” ಎಂದು ಅತ್ತೆಯ ಆಜ್ಞೆಯಾಗಿತ್ತು.

ಫೋಟೋದ ದಿನ ಮೇಜರನನ್ನು ಸೌದೆ ಕೊಟ್ಟಿಗೆಯಲ್ಲಿ ಕಟ್ಟಿ, ಕೋಟು ತೊಟ್ಟು, ಷಡಕ್ಷರಿ ಬೆಳಗಿನ ಬಸ್ಸು ಹತ್ತಿದ. ಪೆಟ್ರೋಲ್ ಇಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು. ಓಡುತ್ತಿದ್ದದ್ದು ಇಳಿಜಾರಿನಲ್ಲಿ, ಏರು ಬಂದರೆ ಇದ್ದಿಲ ಬಸ್ಸು ಇದ್ದಲ್ಲೇ!

ಬಣಕಲ್ಲಿನ ಏರಿನಲ್ಲಿ ಡ್ರೈವರ್ ಭೂತಯ್ಯ ಕೂಗಿದ: “ಇಳೀರಿ, ಇಳೀರಿ! ಒಂಚೂರು ತಳ್ಳಿ ಪುಣ್ಯ ಕಟ್ಕೊಳ್ಳಿ!”

ಟಿಕೇಟು ಕೊಂಡವರೆಲ್ಲ ಎತ್ತುಗಳಾದರು. ಷಡಕ್ಷರಿ ಕೋಟಿನ ತೋಳು ಮಡಿಸಿ ತಳ್ಳುತ್ತಿದ್ದಾಗ ಕಾಲಿಗೆ ಒದ್ದೆ ಮೂಗೊಂದು ತಾಗಿತು. ಮೇಜರ್! ಕೊರಳಲ್ಲಿ ಕಡಿದ ಹಗ್ಗದ ತುಂಡು.

“ಯಾರದ್ದು ಮಾರಾಯ್ರೇ ಈ ನಾಯಿ?” ಎಂದ ಭೂತಯ್ಯ. “ನನ್ನ ಬಸ್ಸಿಗಿಂತ ಚೆನ್ನಾಗಿ ಓಡ್ತದೆ!”

ಅತ್ತೆಯ ಮುಖ ಕಣ್ಣಮುಂದೆ ಬಂತು. “ಯಾರದ್ದೋ ಏನೋ, ನಾ ಕಾಣೆ,” ಎಂದುಬಿಟ್ಟ ಷಡಕ್ಷರಿ.

ಮೇಜರ್ ಅವನ ಮುಖವನ್ನೊಮ್ಮೆ ನೋಡಿದ. ಬಾಲ ಇಳಿಸಿ, ಬಸ್ಸನ್ನು ಬಳಸಿ, ರಸ್ತೆಯ ತಿರುವಿನಲ್ಲಿ ಮರೆಯಾದ. ಮನೆಗಲ್ಲ, ಮೂಡಿಗೆರೆಯ ಕಡೆಗೇ!

ಬಸ್ಸು ಗೋಣಿಬೀಡು ಮುಟ್ಟಿದಾಗ ಹನ್ನೆರಡೂವರೆ. ಷಡಕ್ಷರಿಯ ಕೋಟು ಮಸಿಯಾಗಿತ್ತು, ಮುಖ ಬಾಣಲೆಯ ತಳವಾಗಿತ್ತು. ಅಂಗಳಕ್ಕೆ ಓಡಿ ಬಂದರೆ ಫೋಟೋದವನು ಮುಕ್ಕಾಲಿ ಮಡಿಸುತ್ತಿದ್ದ. ಅತ್ತೆಯ ಬಲಗಡೆಯ ಕುರ್ಚಿಯಲ್ಲಿ ಹಾಯಾಗಿ ಮಲಗಿತ್ತು ಮೇಜರ್ ಸವಾರಿ!

“ಇದೇನತ್ತೆ!” ಎಂದು ಕಿರುಚಿದ.

“ಕಿರುಚಬೇಡಿ, ಪಾಪ ದಣಿದಿದ್ದಾನೆ,” ಎಂದರು ದೇವೀರಮ್ಮ. “ಫೋಟೋದವನಿಗೆ ಹೊತ್ತಾಯ್ತು. ಹಿರಿಯಳಿಯನ ಕುರ್ಚಿ ಖಾಲಿ ಬಿಟ್ರೆ ನೋಡಿದವರು ಏನಂದಾರು? ನಿಮ್ಮ ಮನೆ ಕಡೆಯಿಂದ ಹೊತ್ತಿಗೆ ಸರಿಯಾಗಿ ಬಂದವರು ಇವರೊಬ್ಬರೇ.”

“ಹೊಸ್ತಿಲು ದಾಟಬಾರದು ಅಂದಿದ್ರಿ!”

“ಎಲ್ಲಿ ದಾಟಿದ್ದಾನೆ? ಅಂಗಳದಲ್ಲೇ ಇದ್ದಾನಲ್ಲ. ಅಲ್ಲಾಡಬೇಡ ಅಂದ್ವಿ, ಅಲ್ಲಾಡಲಿಲ್ಲ. ನೀವಾಗಿದ್ರೆ ಮೀಸೆಯಾದ್ರೂ ತಿರುವ್ತಿದ್ರಿ!”

ಷಡಕ್ಷರಿ ಮೆಲ್ಲಗೆ ಕುರ್ಚಿಯ ಬಳಿ ಕುಕ್ಕರಿಸಿದ. ಮೇಜರ್ ಒಂದು ಕಣ್ಣು ತೆರೆದ, ಯಾರೋ ಅಪರಿಚಿತರನ್ನು ನೋಡುವಂತೆ ನೋಡಿದ, ಮತ್ತೆ ಮುಚ್ಚಿದ. ಆಮೇಲೆ ಏನನ್ನಿಸಿತೋ, ಮಸಿ ಹತ್ತಿದ ಆ ಕೈಯನ್ನು ನೆಕ್ಕಿದ. ಷಡಕ್ಷರಿಯ ಕಣ್ಣಿಗೆ ಹೊಗೆ ಹೊಕ್ಕಂತಾಯಿತು. ಹೊಗೆ ಬಿಡುವ ಬಸ್ಸೇನೋ ಆಗಲೇ ಹೊರಟುಹೋಗಿತ್ತು.

ಈಗ ಅತ್ತೆಯೂ ಇಲ್ಲ, ಮೇಜರನೂ ಇಲ್ಲ, ಇದ್ದಿಲ ಬಸ್ಸೂ ಇಲ್ಲ. ಕಟ್ಟು ಹಾಕಿಸಿದ ಆ ಫೋಟೋ ಮಾತ್ರ ಕೊಟ್ಟಿಗೆಹಾರದ ಮನೆಯ ಗೋಡೆಯ ಮೇಲಿದೆ. ಬಂದವರೆಲ್ಲ ಒಬ್ಬೊಬ್ಬರನ್ನೇ ಗುರುತಿಸಿ, ಕೊನೆಗೆ ತಪ್ಪದೆ ಕೇಳುತ್ತಾರೆ: “ಇದರಲ್ಲಿ ಷಡಕ್ಷರಿಯವರೆಲ್ಲಿ?”

ಷಡಕ್ಷರಿ ಬಾಯಿ ತೆರೆಯುವ ಮೊದಲೇ ತುಂಗಮ್ಮ ಹೇಳುತ್ತಾಳೆ:

“ಅವ್ರು ಇನ್ನೂ ಬಸ್ಸು ತಳ್ತಾ ಇದ್ದಾರೆ!”