ದೊರೆಯ ತುಪ್ಪಟ, ಗುಡ್ಡಪ್ಪನ ಆವಿ

"ಇನ್ನೊಂದು ಸಲ ನನ್ನ ಬಾಯಾಗೆ ಹೊಗೆ ಕಂಡ್ರೆ, ನಮ್ಮ ದೊರೆನ ಕಡಿದು ಕೇರಿಗೆಲ್ಲ ಉಣ್ಣಿಸ್ತೀನಿ!"

ಬಾಗೂರಿನ ಗುಡ್ಡಪ್ಪ ತನ್ನ ಮನೆ ಜಗಲಿ ಮೇಲೆ ನಿಂತು, ಕೇರಿಯೆಲ್ಲ ಕೇಳೋ ಹಾಗೆ ಈ ಘೋಷಣೆ ಹೊರಡಿಸಿದ. ದೊರೆ ಅಂದ್ರೆ ಯಾವ ಸಂಸ್ಥಾನದ ದೊರೆಯೂ ಅಲ್ಲ, ಗುಡ್ಡಪ್ಪ ಮರಿಯಿಂದ ಬೆಲ್ಲ ತಿನ್ನಿಸಿ ಸಾಕಿದ ಟಗರು. ಹೆಂಡತಿ ಗಿರಿಯಮ್ಮ ಉಂಡಳೋ ಬಿಟ್ಟಳೋ ಕೇಳದ ಮನುಷ್ಯ, ದೊರೆಗೆ ಹುರುಳಿ ನೆನೆಹಾಕಿದ್ರಾ ಅಂತ ಮಾತ್ರ ದಿನಾ ವಿಚಾರಿಸುತ್ತಿದ್ದ. ಅಂಥ ಟಗರನ್ನೇ ಪಣಕ್ಕಿಟ್ಟ ಮೇಲೆ ಜನ ನಂಬದೆ ಏನು ಮಾಡ್ತಾರೆ?

ಇಷ್ಟಕ್ಕೆಲ್ಲ ಕಾರಣ ಒಂದು ತೂತು. ಮಗಳು ದೇವಿಕಾಳ ನಿಶ್ಚಿತಾರ್ಥಕ್ಕೆ ಬೀಗರಿಗೆ ಅಂತ ಹಾಸಿದ್ದ ಹೊಸ ಕರಿಕಂಬಳಿ ಮೇಲೆ ಗುಡ್ಡಪ್ಪನ ಬೀಡಿಯ ಕಿಡಿ ಬಿತ್ತು. ಗಿರಿಯಮ್ಮ ಬೈಯಲಿಲ್ಲ, ಅಳಲಿಲ್ಲ. ಬೀಗರು ಹೋದ ಮೇಲೆ ಆ ತೂತಿನಲ್ಲಿ ಬೆರಳು ತೂರಿಸಿ ಗಂಡನ ಮುಖದ ಮುಂದೆ ಅಲ್ಲಾಡಿಸಿದಳು. ಗುಡ್ಡಪ್ಪ ಎದ್ದು ಸೀದಾ ಜಗಲಿಗೆ ಬಂದಿದ್ದ.

ಬೀಡಿಯನ್ನೇನೋ ಬಿಟ್ಟ. ಆದರೆ ಬಾಯಿಗೆ ಕೆಲಸವಿಲ್ಲದೆ ಮನುಷ್ಯ ಕಂಗಾಲಾದ. ಮಸ್ಕತ್ತಿನಿಂದ ರಜಕ್ಕೆ ಬಂದಿದ್ದ ಅಕ್ಕನ ಮಗ ಮಾರುತೇಶ್ ಈ ಸಂಕಟ ನೋಡಲಾರದೆ, ಹೊರಡೋ ದಿನ ತನ್ನ ಹಳೇ ಇ-ಸಿಗರೇಟನ್ನೂ ಅದಕ್ಕೆ ಹೊಯ್ಯೋ ರಸದ ಸೀಸೆಯನ್ನೂ ಗುಟ್ಟಾಗಿ ಕೈಗಿಟ್ಟ.

"ಮಾವ, ಇದರಾಗೆ ಬರೋದು ಹೊಗೆ ಅಲ್ಲ, ಆವಿ."

"ಆವಿನಾ? ಇಡ್ಲಿ ಪಾತ್ರೆಯಾಗೆ ಬರ್ತದಲ್ಲ, ಅಂಥದ್ದಾ?"

"ಅದೇ ಅಂತ ತಿಳ್ಕ."

ಆಣೆ ಹಾಕಿದ್ದು ಹೊಗೆಗೆ ತಾನೇ, ಆವಿಗಲ್ಲವಲ್ಲ! ಗುಡ್ಡಪ್ಪನಿಗೆ ಎದೆ ಹಗುರಾಯಿತು. ಯಂತ್ರವೂ ಸರಳ. ಕೆಳಗೆ ಬ್ಯಾಟರಿ, ಮೇಲೆ ಗಾಜಿನ ಟ್ಯಾಂಕು, ಟ್ಯಾಂಕಿನ ನಡುವೆ ಬೆರಳುದ್ದದ ಒಂದು ಕೊಳವೆ. ಕೊಳವೆಗೆ ಕಾರ್ಟೊಮೈಸರ್ ಅಂತ ಹೆಸರು. ಅದರೊಳಗಿನ ಹತ್ತಿ ಟ್ಯಾಂಕಿನ ರಸ ಕುಡೀತದೆ, ತಂತಿ ಕಾಯ್ತದೆ, ಪುದೀನಾ ಘಮದ ಆವಿ ಬಾಯಿಗೆ ಬರ್ತದೆ. ಗಿರಿಯಮ್ಮನ ಕಣ್ಣು ತಪ್ಪಿಸಿ ಕುರಿ ರೊಪ್ಪದ ಹಿಂದೆ ನಿಂತು ಗುಡ್ಡಪ್ಪ ಮಹಾರಾಜನಂತೆ ಎಳೆದ. ಟ್ಯಾಂಕು ಬರಿದಾದದ್ದು ನೋಡದೆ ಎಳೆದ. ಹತ್ತಿ ಸೀದು ಕರ್ರಗಾಯಿತು.

ಫೋನ್ ಮಾಡಿದರೆ ಮಾರುತೇಶ್ ಪಾಠ ಒಪ್ಪಿಸಿದ. "ಮಾವ, ಬೇರೆ ಕಾರ್ಟೊಮೈಸರ್ ಹಾಕ್ಬೇಕು. ಉದ್ದ, ದಪ್ಪ, ತೂತು ಎಲ್ಲಾ ಟ್ಯಾಂಕಿಗೆ ಹೊಂದ್ಬೇಕು. ಸಿಕ್ಕಿದ್ದು ತುರುಕ್ಬೇಡ, ಕೆಡ್ತದೆ."

ಹೊಸದುರ್ಗದ ಮೊಬೈಲ್ ಅಂಗಡಿಯವನು ಯಂತ್ರ ಕಂಡದ್ದೇ ಬಾಗಿಲ ಕಡೆ ನೋಡಿದ. "ಯಜಮಾನ್ರೇ, ಇದು ಸರ್ಕಾರ ನಿಲ್ಸಿರೋ ಮಾಲು. ಮೊದ್ಲು ಜೇಬಿಗೆ ಇಟ್ಕಳ್ರಿ." ಹೊಳಲ್ಕೆರೆಯ ಪಂಪ್ ಅಂಗಡಿಯವನು ಕೊಳವೆಯನ್ನು ತಿರುಗಿಸಿ ನೋಡಿ, "ಇದು ಯಾವ ಔಷಧಿ ಪಂಪಿಂದು?" ಅಂತ ಕೇಳಿ ಒಂದು ವಾಷರ್ ಕೊಟ್ಟು ಕಳಿಸಿದ. ಅದು ಟ್ಯಾಂಕಿನ ಬಾಯಿಗೂ ಕೂರಲಿಲ್ಲ.

ಭಾನುವಾರ ಗಿರಿಯಮ್ಮ ರಾಮಗಿರಿಯ ತವರಿಗೆ ಹೋಗಿದ್ದಳು. ಗುಡ್ಡಪ್ಪ ರೊಪ್ಪದಲ್ಲಿ ಕೂತು ಕೊಳವೆ ಬಿಚ್ಚಿ, ಸೀದ ಹತ್ತಿ ಕೆದಕಿ ತೆಗೆದು, ಏನು ತುಂಬೋದು ಅಂತ ಯೋಚಿಸಿದ. ದೇವರ ಬತ್ತಿ ಮುಟ್ಟಿದರೆ ಗಿರಿಯಮ್ಮನಿಗೆ ಗೊತ್ತಾಗ್ತದೆ. ಹಾಸಿಗೆ ಹತ್ತಿನೂ ಹತ್ತಿನೇ, ಸೀದು ಹೋಗೋ ಜಾತಿ. ಅಷ್ಟರಲ್ಲಿ ದೊರೆ ಬಂದು ಮೈ ಉಜ್ಜಿತು. ಗುಡ್ಡಪ್ಪನ ತಲೆಯಲ್ಲಿ ದೀಪ ಹತ್ತಿತು. ಮಳೆ, ಚಳಿ ಎಲ್ಲಾ ತಡೆಯೋ ಕಂಬಳಿ ಆಗಿದ್ದು ಯಾವುದರಿಂದ? ಕುರಿ ತುಪ್ಪಟದಿಂದ! ಮಸ್ಕತ್ತಿನವರಿಗೇನು ಗೊತ್ತು ಉಣ್ಣೆಯ ಮಹಿಮೆ? ಕತ್ತರಿ ತಂದು ದೊರೆಯ ಕತ್ತಿನ ಹತ್ತಿರ ಮೆತ್ತನೆ ತುಪ್ಪಟ ಕತ್ತರಿಸಿ ಒಂದು ಚೀಲಕ್ಕೆ ಹಾಕಿದ. ಅದರಲ್ಲಿ ಒಂದಿಷ್ಟನ್ನು ಕೊಳವೆಗೆ ಗಿಡಿದು ತುಂಬಿ, ಸೀಸೆಯ ರಸ ಹೊಯ್ದು, ಗುಂಡಿ ಒತ್ತಿ ಜೋರಾಗಿ ಎಳೆದ.

ಬಂದದ್ದು ಪುದೀನಾ ಅಲ್ಲ, ಸುಟ್ಟ ತುಪ್ಪಟದ ಹೊಗೆ. ಕೆಮ್ಮು ಹೊಟ್ಟೆಯಿಂದ ಕಿತ್ತುಕೊಂಡು ಬಂತು, ಮೀಸೆ ಚುರ್ರಂದಿತು, ಕೈಯಲ್ಲಿದ್ದ ಯಂತ್ರ ಹಾರಿ ಕತ್ತರಿಸಿಟ್ಟಿದ್ದ ತುಪ್ಪಟದ ಚೀಲದೊಳಗೆ ಬಿತ್ತು. ಚೀಲ ಹೊಗೆಯಾಡತೊಡಗಿತು. ಗುಡ್ಡಪ್ಪ ಕುರಿಗಳ ನೀರಿನ ಬಾನಿಯನ್ನೇ ಎತ್ತಿ ಸುರಿದ. ಬೆಂಕಿ ಆರಿತು, ವಾಸನೆ ಆರಲಿಲ್ಲ.

ಆ ಕೇರಿಯಲ್ಲಿ ಕೂದಲು ಸುಟ್ಟ ವಾಸನೆಗೆ ಇರೋದು ಒಂದೇ ಅರ್ಥ. ಯಾರೋ ಟಗರು ಕಡಿದು ತಲೆಕಾಲು ಸುಡ್ತಾ ಅವ್ರೆ. ಮೊದಲು ಬಂದವನು ಪಕ್ಕದ ಮನೆ ಎತ್ತಪ್ಪ, ಕೈಯಲ್ಲಿ ಪಾತ್ರೆ.

"ಏನ್ ಭಾವ, ದೊರೆನ ಕಡಿದೇ ಬಿಟ್ಟೆ? ಹಂಗಾರೆ ಬೀಡಿ ಸೇದಿದ್ದೀಯ ಅಂತಾಯ್ತು."

"ಲೇ ಎತ್ತಪ್ಪ, ಯಾರೋ ನಿಂಗೆ ಹೇಳಿದ್ದು?"

"ಮೂಗು ಹೇಳ್ತು. ಬೋಟಿ ನಮ್ಮನೆಗಿರ್ಲಿ."

ಎತ್ತಪ್ಪನ ಹಿಂದೆ ಅರ್ಧ ಕೇರಿ ಬಂದು ನಿಂತಿತ್ತು. ಮಾನ ಉಳಿಸಿಕೊಳ್ಳೋಕೆ ಗುಡ್ಡಪ್ಪನಿಗೆ ಒಂದೇ ದಾರಿ. ದೊರೆಯನ್ನು ಜೀವಂತ ಹಿಡಿದು ಅಂಗಳಕ್ಕೆ ತಂದ. "ನೋಡ್ರಪ್ಪ, ಗುಂಡುಕಲ್ಲಿನಂಗೆ ಐತೆ."

ಅದೇ ಹೊತ್ತಿಗೆ ಬಸ್ಸಿಳಿದು ಗಿರಿಯಮ್ಮ ಬಂದಳು. ಜನ ನೋಡಿದಳು, ಪಾತ್ರೆ ನೋಡಿದಳು, ಆಮೇಲೆ ದೊರೆಯ ಕತ್ತಿನ ಬೋಳು ನೋಡಿದಳು. ಹತ್ತಿರ ಬಂದು ಆ ಬೋಳಿನ ಮೇಲೆ ಬೆರಳಿಟ್ಟಳು. ಕಂಬಳಿಯ ತೂತಿಗೆ ತೂರಿಸಿದ್ದ ಅದೇ ಬೆರಳು.

"ಇದಕ್ಕೂ ತೂತು ಮಾಡಿದ್ರಾ?"

ಗುಡ್ಡಪ್ಪ ಯಂತ್ರ, ಕೊಳವೆ, ತುಪ್ಪಟ ಎಲ್ಲದರ ಕತೆ ಕಕ್ಕಿದ. "ಆದ್ರೆ ಗಿರಿಯಮ್ಮ, ಅದು ಹೊಗೆ ಅಲ್ಲ ಕಣೆ, ಆವಿ. ಇಡ್ಲಿ ಪಾತ್ರೆಯಾಗೆ ಬರ್ತದಲ್ಲ..."

"ಇಡ್ಲಿ ಆವಿಗೆ ನನ್ನ ಹುಬ್ಬು ಯಾವತ್ತೂ ಸುಟ್ಟಿಲ್ಲ. ನಿಮ್ಮ ಮೀಸೆ ಎಲ್ಲಿ ಹೋಯ್ತು?"

ಗುಡ್ಡಪ್ಪ ಮುಟ್ಟಿ ನೋಡಿಕೊಂಡ. ಬಲಗಡೆ ಮೀಸೆ ಇರಲಿಲ್ಲ.

"ಮಾತು ಅಂದ್ರೆ ಮಾತು ಭಾವ," ಅಂದ ಎತ್ತಪ್ಪ. "ಮಚ್ಚು ತರ್ಲಾ?"

ಗುಡ್ಡಪ್ಪ ದೊರೆಯ ಕತ್ತು ತಬ್ಬಿಕೊಂಡುಬಿಟ್ಟ. ಕಣ್ಣಲ್ಲಿ ನೀರು ಬಂತು, ಈ ಸಲ ಹೊಗೆಗಲ್ಲ. ಗಿರಿಯಮ್ಮನಿಗೂ ಅಯ್ಯೋ ಅನ್ನಿಸಿತು, ತೋರಿಸಿಕೊಳ್ಳಲಿಲ್ಲ. ದೊರೆಯ ಹಗ್ಗ ಗಂಡನ ಕೈಯಿಂದ ಬಿಡಿಸಿ ತಾನು ಹಿಡಿದಳು.

"ಹೊಗೆ ಬಿಟ್ಟಿದ್ದು ಟಗರಲ್ಲ, ಅದರ ತಂಟೆಗೆ ಬರ್ಬೇಡ್ರಿ. ಇವತ್ತಿಂದ ದೊರೆ ನಂದು. ಕೇರಿಗೆ ಉಣ್ಣಿಸ್ತೀನಿ ಅಂದೋರು ಒಳಗೆ ಹೋಗಿ ಮುದ್ದೆ ತಿರುವ್ತಾರೆ. ಎಲ್ರೂ ಕುಂತ್ಕಳ್ರಿ."

ಗುಡ್ಡಪ್ಪ ಬೆವರಿಳಿಸಿಕೊಂಡು ಮುದ್ದೆ ಕಟ್ಟಿದ. ದೊರೆಗೆ ನೆನೆಹಾಕಿದ್ದ ಹುರುಳಿಯೇ ಸಾರಾಯಿತು. ಬಡಿಸಿ ಬಡಿಸಿ ಸುಸ್ತಾಗಿ ಕೊನೆಗೆ ತಾನೂ ಒಂದು ತಟ್ಟೆ ಹಿಡಿದು ಮೂಲೆಯಲ್ಲಿ ಕೂತ. ಎತ್ತಪ್ಪ ಸಾರು ಕಲಸುತ್ತಾ ಮುಖ ಸಣ್ಣ ಮಾಡಿದ.

"ಅಕ್ಕಯ್ಯ, ಬಾಡಿನ ವಾಸನೆಗೆ ಓಡಿ ಬಂದ್ರೆ ಬರೀ ಹುರುಳಿ ಸಾರಾ?"

"ವಾಸನೆ ತಾನೇ ಬೇಕಾಗಿರೋದು?" ಅಂದಳು ಗಿರಿಯಮ್ಮ. "ನಮ್ಮ ಯಜಮಾನ್ರ ಮಗ್ಗುಲಾಗೆ ಹೋಗಿ ಕುಂತ್ಕಂಡು ಉಣ್ಣಪ್ಪ. ಉಳಿದ ಮೀಸೆಯಾಗೆ ಇನ್ನೂ ಐತೆ."