ಕುಬಸದೊಳಗೆ ಬರಬೇಕಾದ ಮದುವೆ ವಿಡಿಯೋ

ಕಂಪ್ಯೂಟರ್ ತಾನಾಗಿ ಕೆಡುವುದು ಕಡಿಮೆ. ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿ ಮಾಡಲು ಹೋಗಿ ಕೆಡಿಸಿಕೊಂಡು ಬರುವವರೇ ಹೆಚ್ಚು. ಬಸವಕಲ್ಯಾಣದ ಪೇಟೆಯಲ್ಲಿ ನನ್ನ ರಿಪೇರಿ ಅಂಗಡಿ ನಡೆಯುವುದೇ ಇಂಥವರಿಂದ, ಆದ್ದರಿಂದ ಅವರನ್ನು ಬೈಯುವ ಹಾಗಿಲ್ಲ. ಆದರೂ ಬೈಯುತ್ತೇನೆ. ಬೈಸಿಕೊಂಡವರು ಬೇಜಾರಿಲ್ಲದೆ ಚಹಾ ತರಿಸುತ್ತಾರೆ, ಸ್ವಲ್ಪ ದಿನಕ್ಕೆ ಮತ್ತೇನನ್ನೋ ಕೆಡಿಸಿಕೊಂಡು ಬರುತ್ತಾರೆ.

ಇವರೆಲ್ಲರ ಪೈಕಿ ಹುಮನಾಬಾದಿನ ಮಿಕ್ಸಿಂಗ್‌ನವನಿಗೆ ಸರಿಸಾಟಿ ಇಲ್ಲ. ಮಾಣಿಕನಗರದ ದಾರಿಯಲ್ಲಿ ಅವನ ಸ್ಟುಡಿಯೋ. ಮದುವೆಯ ವಿಡಿಯೋ ತೆಗೆದು, ಹಾಡು ಸೇರಿಸಿ, ಮದುಮಕ್ಕಳನ್ನು ಗುಲಾಬಿ ಹೂವಿನೊಳಗಿಂದ ಹುಟ್ಟಿಸಿ ಕೊಡುವುದು ಅವನ ಕಸುಬು. ಒಳ್ಳೆಯ ಮನುಷ್ಯ. ಕೈ ಮಾತ್ರ ಸುಮ್ಮನಿರುವುದಿಲ್ಲ.

೧. ಎಫ್ ಒನ್

ಅವನ ಹೆಂಡತಿಯ ತಮ್ಮ ಹೈದರಾಬಾದಿನಲ್ಲಿದ್ದಾನೆ. ಹಬ್ಬಕ್ಕೆ ಬಂದವನು, ಅಕ್ಕನ ಕೈಯ ಹೋಳಿಗೆ ಉಂಡ ಋಣಕ್ಕೆ, ಭಾವನ ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡಿಕೊಟ್ಟ. ಅಂದರೆ ಒಳಗಿನ ಪ್ರೊಸೆಸರ್ ಇಷ್ಟು ವೇಗದಲ್ಲಿ ಓಡಲಿ ಎಂದು ಮಾಡಿದವರು ಗೊತ್ತುಮಾಡಿರುತ್ತಾರಲ್ಲ, ಅದಕ್ಕಿಂತ ಜೋರು ಓಡಿಸುವ ಸೆಟ್ಟಿಂಗ್ ಹಾಕುವುದು. ಆ ಸೆಟ್ಟಿಂಗನ್ನು ಒಂದು ಪೆನ್ ಡ್ರೈವಿಗೂ ತುಂಬಿಕೊಟ್ಟು, "ಏನರೆ ಆದ್ರ ಇದನ್ನ ಹಾಕ್ರಿ ಭಾವಾ" ಅಂದು ಹೋದ. ಮರುದಿನವೇ ಸ್ಟುಡಿಯೋದ ಬೋರ್ಡಿನ ಮೇಲೆ "ಸೂಪರ್ ಫಾಸ್ಟ್ ಮಿಕ್ಸಿಂಗ್" ಎಂದು ಬರೆಸಿದ್ದಾಯಿತು. ವಿಡಿಯೋಗಳು ಮಾತ್ರ ಮೊದಲಿನಷ್ಟೇ ತಡವಾಗಿ ಬರುತ್ತಿದ್ದವು, ಯಾಕೆಂದರೆ ಮಿಕ್ಸಿಂಗ್‌ನವನನ್ನು ಯಾರೂ ಓವರ್‌ಕ್ಲಾಕ್ ಮಾಡಿರಲಿಲ್ಲ.

ಹೀಗಿರುವಾಗ ಮದರ್‌ಬೋರ್ಡಿಗೆ ಹೊಸ ಬಯಾಸ್ ಬಂದಿದೆ ಎಂದು ಪರದೆಯ ಮೇಲೆ ಸುದ್ದಿ ಬಂತು. ಬಯಾಸ್ ಎಂದರೆ ಕಂಪ್ಯೂಟರನ್ನು ನಿದ್ದೆಯಿಂದ ಎಬ್ಬಿಸುವ ಮೂಲ ಪ್ರೋಗ್ರಾಮು. ಹಾಕುವಾಗ ಕರೆಂಟ್ ಹೋದರೆ ಬೋರ್ಡು ಗೋವಿಂದ. ಇವನು ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿ "ಸ್ವಲ್ಪ ಹೊತ್ತು ಲೈನ್ ತೆಗೀಬ್ಯಾಡೋ ಮಾರಾಯಾ" ಎಂದ, ಮೀಟರ್ ಬೋರ್ಡಿನ ಮುಂದೆ ಹೆಂಡತಿಯನ್ನು ಲಟ್ಟಣಿಗೆ ಕೊಟ್ಟು ಕಾವಲಿಗೆ ನಿಲ್ಲಿಸಿದ, ತೆಂಗಿನಕಾಯಿ ಒಡೆದು ಅಪ್‌ಡೇಟ್ ಒತ್ತಿದ. ಅಪ್‌ಡೇಟ್ ಸುಸೂತ್ರ ಆಯಿತು. ಆಮೇಲೆ ಪೆನ್ ಡ್ರೈವಿನ ಹಳೆಯ ಸೆಟ್ಟಿಂಗ್ ಹಾಕಿದ. ಅಲ್ಲಿಂದ ಶುರು.

ನನಗೆ ಫೋನ್ ಬಂತು. "ಅಣ್ಣಾ, ಕಂಪ್ಯೂಟರ್ ಫೇಲ್ ಫೇಲ್ ಅನ್ನಾಕತ್ತದರಿ."

"ಯಾವುದು ಫೇಲ್?"

"ಓವರ್‌ಕ್ಲಾಕ್ ಫೇಲ್ ಅಂತ. ಎಫ್ ಒನ್ ಒತ್ತು ಅಂತದ, ಒತ್ತತೀನಿ. ಬಂದ್ ಆಗಿ ಚಾಲೂ ಆಗತದ, ಮತ್ತ ಅದನ್ನ ಅಂತದ."

"ಎಷ್ಟ್ ಸಲ ಒತ್ತಿದಿ?"

"ಮುಂಜಾನಿಂದ ಅದ ಕೆಲಸರಿ. ಗುಂಡಿ ಮ್ಯಾಲಿನ ಅಕ್ಷರ ಅಳಿಸಿ ಹೋಗ್ಯಾದ. ಈಗ ಅಂದಾಜಿನ ಮ್ಯಾಲ ಒತ್ತಾಕತ್ತೇನಿ."

೨. ಒಂದು ಮದುವೆಗೆ ಒಂದು ಟಿಕೆಟ್

"ಹಾಳಾಗಿ ಹೋಗಲಿ, ಹಳೇ ಸೆಟ್ಟಿಂಗ್ ಬಿಡು, ಸಾದಾ ವೇಗದಾಗ ನಡಸು" ಎಂದೆ. ಅವನಿಗೆ ಅಳುವೇ ಬಂದಂತಾಯಿತು. ಆಗ ಹೊರಬಿತ್ತು ನೋಡಿ ನಿಜವಾದ ಸಂಕಟ. ಮೋರಖಂಡಿಯ ಒಂದು ಮನೆಯ ಹಿರಿಯ ಮಗಳ ಮದುವೆಯ ವಿಡಿಯೋ ಇನ್ನೂ ಆ ಕಂಪ್ಯೂಟರಿನಲ್ಲೇ ಕೂತಿತ್ತು. ಮದುವೆಯಾದ ಹುಡುಗಿ ಈಗ ಬಸುರಿ. ಬರುವ ವಾರ ತವರಿನಲ್ಲಿ ಅವಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕುಬಸ ಮಾಡುವವರಿದ್ದರು. ಹುಡುಗಿಯ ತಾಯಿ ಖಡಕ್ಕಾಗಿ ಹೇಳಿದ್ದಳು: ಕುಬಸದ ದಿನ ಮದುವೆ ವಿಡಿಯೋ ಟಿವಿಯಲ್ಲಿ ಕಾಣಬೇಕು, ಇಲ್ಲವಾದರೆ ಕಿರಿಯ ಮಗಳ ಮದುವೆಯ ಶೂಟಿಂಗ್ ಬೇರೆಯವರಿಗೆ. ಅಷ್ಟೇ ಅಲ್ಲ, ಮೋರಖಂಡಿಯ ಯಾವ ಮದುವೆಗೂ ಇವನು ಕ್ಯಾಮೆರಾ ಹಿಡಿದು ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದೂ ಸೇರಿಸಿದ್ದಳು.

"ಸಾದಾ ವೇಗದಾಗ ಮಾಡಿದ್ರ ಎಷ್ಟ್ ತಡ ಆದೀತೋ?" ಎಂದು ಕೇಳಿದೆ.

"ಒಂದ ತಾಸು ಜಾಸ್ತಿ ಆಗತದರಿ."

"ಒಂದ ತಾಸಿನ ಸಲುವಾಗಿ ಮುಂಜಾನಿಂದ ಎಫ್ ಒನ್ ಒತ್ತಿದೇನೋ?"

"ತಾಸಿನ ಪ್ರಶ್ನಿ ಅಲ್ಲರಿ ಅಣ್ಣಾ, ಬೋರ್ಡ್ ಬರಸೀನಿ."

ಮಾತು ಮುಗಿಯಿತು. ತಾನೇ ತರುತ್ತೇನೆಂದು ಕಂಪ್ಯೂಟರಿಗೆ ಶಾಲು ಹೊದಿಸಿ, ತೊಡೆಯ ಮೇಲಿಟ್ಟುಕೊಂಡು ಹುಮನಾಬಾದಿನಿಂದ ಬಸ್ ಹತ್ತಿದ. ಕಂಡಕ್ಟರ್ ಬಂದು ಶಾಲಿನ ಮೇಲೆ ಕೈಯಿಟ್ಟು "ಇದೇನ್ರಿ?" ಎಂದು ಕೇಳಿದನಂತೆ. ಇವನು ತನ್ನ ಚಿಂತೆಯಲ್ಲೇ ಇದ್ದವನು, "ಇದರಾಗ ಒಂದು ಮದುವಿ ಅದರಿ, ಮೆಲ್ಲಕ ಮುಟ್ಟರಿ" ಎಂದ.

ಕಂಡಕ್ಟರ್ ಹಳಬ. ಮುಖ ಒಂಚೂರೂ ಬದಲಿಸದೆ ಕೇಳಿದ: "ಎರಡೂ ಕಡೀ ಬೀಗರು ಒಳಗ ಅದಾರೇನ್ರಿ?"

"ಎಲ್ಲಾರೂ ಅದಾರರಿ."

"ಹಂಗಿದ್ರ ನೀವು ಇಳೀರಿ. ಬಸ್ ಫುಲ್ ಆಯ್ತು."

ಕೊನೆಗೆ ಲಗೇಜಿನ ಟಿಕೆಟ್ ಹರಿದು ಬಿಟ್ಟನಂತೆ. ಆ ಟಿಕೆಟ್ ಕಂಪ್ಯೂಟರಿನ ಮೇಲೆಯೇ ಅಂಟಿಸಿಕೊಂಡು ನನ್ನ ಅಂಗಡಿಗೆ ಬಂದಿದ್ದ, ಇಳಿಯುವಾಗ ಯಾರಾದರೂ ಕೇಳಿದರೆ ಇರಲಿ ಎಂದು.

೩. ಸೆಲ್ ತೆಗೆದ ಮೇಲೆ

ನನ್ನ ಮೇಜಿನ ಮೇಲೆ ಕಂಪ್ಯೂಟರ್ ಸಾದಾ ಸೆಟ್ಟಿಂಗಿನಲ್ಲಿ ಚಂದ ನಡೆಯಿತು. ಹಳೆಯ ಸೆಟ್ಟಿಂಗ್ ಹಾಕಿದ ಕೂಡಲೇ ಪರದೆ ಕಪ್ಪು, ಮತ್ತೆ ಫೇಲ್. ಫೈಲು ಕೆಟ್ಟಿರಬಹುದೆಂದು ಅದೇ ಅಂಕಿಗಳನ್ನು ಕೈಯಿಂದ ಒಂದೊಂದಾಗಿ ಹಾಕಿದೆ. ಈ ಸಲ ಚಾಲೂ ಆಯಿತು, ವಿಡಿಯೋ ತಯಾರಿಸಲು ಕೊಟ್ಟರೆ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಬಂದ್. ಮತ್ತೆ ಕೊಟ್ಟೆ, ಮತ್ತೆ ಅಕ್ಷತೆಗೇ ಬಂದ್. ಮಿಕ್ಸಿಂಗ್‌ನವನು "ಮುಹೂರ್ತದಾಗ ಏನರೆ ದೋಷ ಇದ್ದೀತೇನ್ರಿ?" ಎಂದ. ಅಕ್ಷತೆಗೆ ಅವನು ಹಾಕಿದ್ದ ಗುಲಾಬಿ ಹೂಗಳ ಮಳೆಗೆ ಪ್ರೊಸೆಸರ್ ಉಸಿರು ಕಟ್ಟುತ್ತಿತ್ತು ಅಷ್ಟೇ. ಇಷ್ಟು ಹೊತ್ತಿಗೆ ನನಗೂ ಹಟ ಹಿಡಿದಿತ್ತು. ಹುಚ್ಚನ ಸಂಗಡ ಇದ್ದು ನಾನೂ ಅದೇ ದಾರಿಗೆ ಬಂದಿದ್ದೆ.

ಹೈದರಾಬಾದಿನಲ್ಲಿದ್ದ ಅವನ ಹೆಂಡತಿಯ ತಮ್ಮನಿಗೆ ಫೋನ್ ಹಚ್ಚಿದೆವು. ಅವನು "ನನ್ನ ಸೆಟ್ಟಿಂಗ್ ಬರೋಬರ್ ಅದರಿ, ನಿಮ್ಮ ಕಡೀ ಕರೆಂಟೇ ಸರಿಯಿಲ್ಲ" ಎಂದುಬಿಟ್ಟ. ಮಿಕ್ಸಿಂಗ್‌ನವನಿಗೆ ಸಿಟ್ಟು ನೆತ್ತಿಗೇರಿತು. "ಏ, ಇದ ಕರೆಂಟಿನ್ಯಾಗ ಬಾಳೇ ಮಾಡಾಕತ್ತಾಳ ನಿಮ್ಮಕ್ಕ. ಕರೆಂಟಿಗೆ ಏನಂದ್ರೂ ನಡೀತದ, ಹುಮನಾಬಾದಿಗೆ ಅನ್ನಬ್ಯಾಡ" ಎಂದು ಫೋನ್ ಇಟ್ಟ.

ಎಲ್ಲ ಅಳಿಸಿ ಮೊದಲಿನಿಂದ ನೋಡೋಣ ಎಂದು ಬೋರ್ಡಿನ ಮೇಲಿನ ಗುಂಡನೆಯ ಸೆಲ್ ತೆಗೆದೆ. ಅದನ್ನು ಸ್ವಲ್ಪ ಹೊತ್ತು ತೆಗೆದಿಟ್ಟರೆ ಬಯಾಸ್ ತನ್ನ ಸೆಟ್ಟಿಂಗ್ ಎಲ್ಲ ಮರೆಯುತ್ತದೆ. ಹಾಗಂತ ಹೇಳಿದ್ದೇ ತಪ್ಪಾಯಿತು.

"ಮದುವೀನೂ ಮರೀತದೇನ್ರಿ?" ಎಂದು ನನ್ನ ಕೈ ಹಿಡಿದ.

"ಮದುವಿ ಹಾರ್ಡ್ ಡಿಸ್ಕಿನ್ಯಾಗ ಅದ ಮಾರಾಯಾ. ಸೆಲ್‌ಗೂ ಅದಕ್ಕೂ ಸಂಬಂಧ ಇಲ್ಲ."

ಕೈ ಬಿಟ್ಟು, ಆ ಸೆಲ್ ಕಡೆಯೇ ನೋಡುತ್ತ ಮೆಲ್ಲಗೆ ಕೇಳಿದ: "ಅಣ್ಣಾ, ಹಂತಾ ಸೆಲ್ ಹುಡುಗಿ ಅವ್ವನ ತಲ್ಯಾಗೂ ಒಂದು ಇದ್ದಿದ್ರ ಎಷ್ಟ್ ಛಲೋ ಇತ್ತಲ್ಲರಿ?"

೪. ಹಳೆಯ ಅಳತೆ

ನೆನೆದವರು ಎದುರಿಗೆ ಬಂದರು. ನನ್ನ ಅಂಗಡಿಗೆ ಹೊಂದಿಕೊಂಡೇ ಟೇಲರ್ ಅಂಗಡಿ ಇದೆ. ಸೆಲ್ ಇನ್ನೂ ನನ್ನ ಅಂಗೈಯಲ್ಲೇ ಇತ್ತು, ಅಲ್ಲಿಂದ ಹೆಣ್ಣುಮಗಳೊಬ್ಬಳ ಗದ್ದಲ ಕೇಳಿತು. ಮಿಕ್ಸಿಂಗ್‌ನವನ ಮುಖ ಬಿಳಿಚಿತು. "ಅಕೀನ ರೀ!" ಅಂದವನೇ ನನ್ನ ಮೇಜಿನ ಕೆಳಗೆ ಕೂತುಬಿಟ್ಟ. ಹುಡುಗಿಯ ತಾಯಿ ಮಗಳ ಕುಬಸದ ಸೀರೆಗೆ ಜಂಪರ್, ಅಂದರೆ ರವಿಕೆ, ಹೊಲಿಸಲು ಕೊಟ್ಟಿದ್ದಳಂತೆ. ಮದುವೆಯ ಜಂಪರ್ ಹೊಲಿದವನೂ ಇದೇ ಟೇಲರ್. ಅಳತೆ ಇದ್ದೇ ಇದೆಯಲ್ಲ ಎಂದು ಮದುವೆಯ ಅಳತೆಯ ಮೇಲೆಯೇ ಕತ್ತರಿಸಿ ಹೊಲಿದು ಕೊಟ್ಟಿದ್ದ.

"ಒಂದ ಹುಕ್ಕೂ ಕೂಡವಲ್ಲದು!" ಅವಳ ದನಿ ಪೇಟೆಗೆಲ್ಲ ಕೇಳುತ್ತಿತ್ತು.

"ಅಳತಿ ಬರೋಬರ್ ಅದರಿ ಬಾಯಾರ" ಎಂದು ಟೇಲರ್ ವಾದಿಸುತ್ತಿದ್ದ. "ಮದುವ್ಯಾಗ ಇದ ಅಳತಿಗೆ ಹೊಲದ್ದು ಮಸ್ತ್ ಕೂತಿತ್ತಲ್ಲರಿ?"

"ಆಗ ಕೂತಿತ್ತೋ ಮೂಳಾ! ಈಗ ಬಸುರಿದ್ದಾಳ, ಮೈ ಬದಲಾಗ್ಯಾದ. ಹಳೀ ಅಳತಿ ಹೊಸಾ ಮೈಗೆ ಹ್ಯಾಂಗ ಹಿಡಸ್ತದ? ಟೇಪ್ ತಗೊಂಡು ಹೊಸದಾಗಿ ಅಳಿ!"

ನಾನು ಅಲ್ಲೇ ಹಣೆ ಬಡಿದುಕೊಂಡೆ. ನಾವೂ ಇಷ್ಟು ಹೊತ್ತು ಮಾಡುತ್ತಿದ್ದುದು ಇದನ್ನೇ ಅಲ್ಲವೇ? ಹೊಸ ಬಯಾಸ್ ಬಂದ ಮೇಲೆ ಬೋರ್ಡು ಪ್ರೊಸೆಸರಿಗೆ ವೋಲ್ಟೇಜ್ ಕೊಡುವ ರೀತಿಯೇ ಬದಲಾಗಿತ್ತು. ಹಳೆಯ ಅಂಕಿಗಳನ್ನು ಎಷ್ಟು ಸಲ ತುರುಕಿದರೂ ಹುಕ್ಕು ಕೂಡುವುದಿಲ್ಲ. ಸೆಲ್ ಮತ್ತೆ ಕೂರಿಸಿದೆ, ಸಾದಾ ಸೆಟ್ಟಿಂಗಿನಿಂದ ಶುರು ಮಾಡಿದೆ. ವೇಗವನ್ನು ಒಂದು ಮೆಟ್ಟಿಲು ಏರಿಸುವುದು, ಭಾರ ಹೇರಿ ಪರೀಕ್ಷಿಸುವುದು, ತಡೆದುಕೊಂಡರೆ ಮುಂದಿನ ಮೆಟ್ಟಿಲು. ಹಳೆಯ ವೇಗಕ್ಕೆ ಇನ್ನೊಂದೇ ಮೆಟ್ಟಿಲು ಇದೆ ಅನ್ನುವಾಗ ತಡವರಿಸಿತು. ಒಂದು ಹೆಜ್ಜೆ ಹಿಂದಿಟ್ಟು ಅಲ್ಲಿಗೇ ನಿಲ್ಲಿಸಿದೆ. ಗುಲಾಬಿಯ ಮಳೆ ಸುರಿಯಿತು, ಅಕ್ಷತೆ ಬಿತ್ತು, ಮದುವೆ ಮುಗಿಯಿತು, ಬೀಗರೆಲ್ಲ ಊಟಕ್ಕೂ ಕೂತರು. ನನಗೆ ನನ್ನ ಮದುವೆಯಲ್ಲೂ ಅಷ್ಟು ಆನಂದ ಆಗಿರಲಿಲ್ಲ.

ಮೇಜಿನ ಕೆಳಗಿನಿಂದ ದನಿ ಬಂತು: "ಒಂದು ಮೆಟ್ಟಿಲು ಕಡಿಮಿ ಆಯ್ತಲ್ಲರಿ ಅಣ್ಣಾ? ಬೋರ್ಡಿನ ಮ್ಯಾಗ ಸೂಪರ್ ಅಳಸಲೇನು, ಫಾಸ್ಟ್ ಅಳಸಲೇನು?"

೫. ಕುಬಸ

ಕುಬಸದ ದಿನ ಒಬ್ಬನೇ ಹೋಗಲು ಧೈರ್ಯ ಸಾಲದೆ ಅವನು ನನ್ನನ್ನೂ ಮೋರಖಂಡಿಗೆ ಎಳೆದುಕೊಂಡು ಹೋದ. ತಾಯಿಯ ಸಿಟ್ಟು ಇಳಿಯಲಿ ಎಂದು ಕ್ಯಾಮೆರಾನೂ ತಂದಿದ್ದ, ಕುಬಸದ ಶೂಟಿಂಗ್ ಬಿಟ್ಟಿಯಾಗಿ ಮಾಡಿಕೊಡುತ್ತೇನೆಂದು. ತಾಯಿ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಟಿವಿ ಕಡೆ ಬೆರಳು ತೋರಿಸಿದಳು. ನಾನು ಪೆನ್ ಡ್ರೈವ್ ಚುಚ್ಚಿದೆ.

ಗುಲಾಬಿ ಅರಳಿತು. ಅದರೊಳಗಿಂದ ಮದುಮಕ್ಕಳು ಹೊರಬಂದರು. ಹೆಂಗಸರೆಲ್ಲ "ಅಯ್ಯ!" ಎಂದು ಟಿವಿಗೆ ಮುಗಿಬಿದ್ದರು. ಯಾರು ಯಾವ ಸೀರೆ ಉಟ್ಟಿದ್ದರು, ಯಾರು ಎರಡನೇ ಸಲ ಊಟಕ್ಕೆ ಕೂತಿದ್ದರು, ಎಲ್ಲ ಚರ್ಚೆಯಾಯಿತು. ಹುಡುಗಿಯ ಅಜ್ಜಿ ಟಿವಿಯಲ್ಲಿನ ತೆಳ್ಳಗಿನ ಮೊಮ್ಮಗಳನ್ನೂ ಮಣೆಯ ಮೇಲಿನ ತುಂಬುಬಸುರಿಯನ್ನೂ ಸರತಿಯಲ್ಲಿ ನೋಡಿದಳು. ತಾಯಿಯ ಮುಖ ಮಾತ್ರ ಇನ್ನೂ ಬಿಗಿಯಾಗಿಯೇ ಇತ್ತು. ಮಿಕ್ಸಿಂಗ್‌ನವನು ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡು ಉಡಿ ತುಂಬುವುದನ್ನು ಚಿತ್ರಿಸುತ್ತಿದ್ದ.

ಆರತಿಯಾದ ಮೇಲೆ ಹೆಂಗಸರು ಹುಡುಗಿಯನ್ನು ಬಿಡಲಿಲ್ಲ. "ಗಂಡನ ಹೆಸರ ಹೇಳು, ಪ್ರಾಸಾ ಹಚ್ಚಿ ಒಡಪ ಕಟ್ಟಿ ಹೇಳು" ಎಂದು ಗಂಟುಬಿದ್ದರು. ಗಂಡ ಬಾಗಿಲ ಹತ್ತಿರ ಮೀಸೆ ತೀಡುತ್ತ ನಿಂತಿದ್ದ. ಹುಡುಗಿ ಕ್ಯಾಮೆರಾದ ಕಡೆ ಒಮ್ಮೆ ನೋಡಿದಳು, ಟಿವಿಯ ಕಡೆ ಒಮ್ಮೆ ನೋಡಿದಳು, ಸೆರಗು ಸರಿಮಾಡಿಕೊಂಡು ಒಂದೇ ಉಸಿರಿಗೆ ಹೇಳಿದಳು. ಗಂಡನ ಹೆಸರಿದ್ದ ಕಡೆ ನಾನು "ನಮ್ಮನಿ" ಎಂದು ಹಾಕಿದ್ದೇನೆ, ಆತ ನನ್ನ ಅಂಗಡಿಯ ಮುಂದೆಯೇ ಓಡಾಡುವ ಮನುಷ್ಯ.

"ಮಿಕ್ಸಿಂಗ್ ಅಣ್ಣಾರ ಮಷೀನ್ ಫಾಸ್ಟ್ ಅಂತ ಊರ ತುಂಬಾ ಡಂಗುರಾ,
ಅದಕ್ಕಿಂತ ಜಲ್ದಿ ಕೆಲಸ ಮುಗಿಸ್ಯಾರ ನಮ್ಮನಿ ರಾಯರಾ!"

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಮನೆಯ ತಗಡು ಹಾರಿಹೋಗುವಷ್ಟು ನಗು. ಗಂಡ ಮೀಸೆ ಬಿಟ್ಟು ಅಂಗಳಕ್ಕೆ ಓಡಿದ. ಬಿಗಿದುಕೊಂಡಿದ್ದ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಲ್ಲೇ ಕುಲುಕಿದಳು. ಅವಳು ನಕ್ಕದ್ದು ನೋಡಿ ಮಿಕ್ಸಿಂಗ್‌ನವನಿಗೆ ಹೋದ ಜೀವ ಬಂತು. ಕ್ಯಾಮೆರಾ ಇಳಿಸಿ, ಎಲ್ಲರಿಗಿಂತ ಹಿರಿಯಳೆಂದು ಅಜ್ಜಿಯನ್ನೇ ಕೇಳಿದ: "ಆಯೀ, ಈ ಮಾತು ವಿಡಿಯೋದಾಗ ಇರಲೋ, ಕತ್ತರಸಲೋ?"

ಅಜ್ಜಿ ಕಣ್ಣೊರೆಸಿಕೊಂಡಳು. "ಯಾಕ ಕತ್ತರಸ್ತೀ? ಇರಲಿ. ಸಣ್ಣಾಕಿ ಮದುವೀನೂ ನೀನ ಮಾಡೋ ಯಪ್ಪಾ. ಆದ್ರ ಅಕಿ ಗಂಡಗ ಅಕ್ಷತಾ ಬಿದ್ದ ಕೂಡ್ಲೇ ನಾನೇ ಹೇಳತೀನಿ, ವಿಡಿಯೋ ಬರೋತನಾ ಸ್ವಲ್ಪ ತಡಿ ಅಂತ."