ಗೋಡೆಯೊಳಗೆ ಸೇರಿಕೊಂಡ ಮುಡಿಪು

ನನಗೆ ಕೋಪ ಬರುವುದಿಲ್ಲ ಎಂದು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಒಪ್ಪದವರ ಮೇಲೆ ರೇಗಿಯೂ ಇದ್ದೇನೆ. ಹೀಗೆ ಇಪ್ಪತ್ತು ವರ್ಷ ಶಾಂತ ಸ್ವಭಾವದವನಾಗಿ ಸಂಸಾರ ಮಾಡಿದ ಮೇಲೆ, ಈ ಯುಗಾದಿ ಆದ ವಾರಕ್ಕೆ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, "ಬಿ.ಪಿ. ಜಾಸ್ತಿಯಿದೆ, ಕೂಗಾಡಬೇಡಿ" ಎಂದರು. "ನಾನೆಲ್ಲಿ ಕೂಗಾಡ್ತೀನಿ?" ಎಂದು ನಾನು ಕೇಳಿದ್ದು ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಹೆಂಡತಿ ಸಾವಿತ್ರಿಗೂ ಕೇಳಿಸಿತಂತೆ. ಅದೇ ತಿಂಗಳು ಪಾಂಡವಪುರದ ನಮ್ಮ ಹಳೆಯ ಮನೆಗೆ ಗಾರೆ ಕೆಲಸ ಹಚ್ಚಿದೆವು. ಬಿ.ಪಿ. ಇರುವವನು ಮನೆ ರಿಪೇರಿಗೆ ಕೈ ಹಾಕುವುದೂ ಒಂದೇ, ಹೊಟ್ಟೆನೋವಿನವನು ಬೀಗರೂಟಕ್ಕೆ ಹೋಗಿ ಕೂರುವುದೂ ಒಂದೇ.

ಮೇಸ್ತ್ರಿ ಸ್ವಾಮಣ್ಣ ತೊಣ್ಣೂರಿನವನು, ಒಳ್ಳೆಯ ಮನುಷ್ಯ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ನೆಮ್ಮದಿಯಾಗಿ ಬಯ್ಯಬಹುದಿತ್ತು. ಅವನು ಮುಗಿಸಿದ ಮೊದಲ ಗೋಡೆಗೆ ಬೀರು ಒರಗಿಸಿದೆವು. ಮೇಲುಗಡೆ ಬೀರು ಗೋಡೆಗೆ ಮುತ್ತಿಡುತ್ತಿತ್ತು, ಕೆಳಗಡೆ ಬೆಕ್ಕು ಮರಿ ಹಾಕುವಷ್ಟು ಜಾಗ ಬಿಟ್ಟಿತ್ತು. "ಗಾಳಿ ಆಡ್ಬೇಕಲ್ವಾ ಸಾ" ಎಂದ. ಕ್ಯಾಲೆಂಡರಿಗೆ ಮೊಳೆ ಹೊಡೆದರೆ ಅಂಗೈಯಗಲ ಗಾರೆ ಕಳಚಿ ಕಾಲ ಮೇಲೆ ಬಿತ್ತು. "ಮೊಳೆ ವೊಡಿಯೋ ಜಾಗ ಅದಲ್ಲ ಸಾ" ಎಂದ. ಯಾವುದಪ್ಪ ಹಾಗಾದರೆ ಎಂದು ಕೇಳಿದ್ದಕ್ಕೆ, "ಅದ ಗೋಡೆನೇ ಯೋಳ್ತದೆ ಬುಡಿ" ಎಂದು ಬೀಡಿ ಹಚ್ಚಿದ. ನಾನು ಕೆ.ಆರ್.ಎಸ್.ನಲ್ಲಿ ನೀರಾವರಿ ಕಚೇರಿಯ ಗುಮಾಸ್ತ. ಅಷ್ಟೊಂದು ನೀರನ್ನು ತಡೆದು ನಿಂತ ಕಟ್ಟೆಯನ್ನು ಹಗಲೆಲ್ಲ ನೋಡಿ, ಸಂಜೆ ಒಂದು ಕ್ಯಾಲೆಂಡರನ್ನೂ ತಡೆಯಲಾರದ ಗೋಡೆಯ ಮುಂದೆ ಕೂತು ಕಾಫಿ ಕುಡಿಯುತ್ತಿದ್ದೆ.

ಆದರೂ ಬಯ್ಯಲಿಲ್ಲ. ಅದಕ್ಕೆ ಕಾರಣ ಡಾಕ್ಟರಲ್ಲ. ನಮ್ಮ ಕಡೆ ಮೇಸ್ತ್ರಿಗೆ ಬೇಜಾರಾದರೆ ಕರಣೆಯನ್ನು ಬಾಂಡಲಿಗೆ ಹಾಕಿಕೊಂಡು ಹೊರಟುಬಿಡುತ್ತಾನೆ. ಆಮೇಲೆ ಅವನು ಸಿಕ್ಕುವುದು ಭತ್ತದ ಕೊಯ್ಲು ಮುಗಿದ ಮೇಲೆಯೇ. ಹಾಗಾಗಿ ಬಂದ ಕೋಪವನ್ನೆಲ್ಲ ಹಲ್ಲು ಕಚ್ಚಿ ಹಿಡಿದು, ಮಾರನೆಯ ಬೆಳಿಗ್ಗೆ ಬಸ್ಸಿನ ಕಂಡಕ್ಟರನ ಮೇಲೆ ಇಳಿಸುತ್ತಿದ್ದೆ. ಸಾವಿತ್ರಿಗೆ ಇದು ಗೊತ್ತಿರಲಿಲ್ಲ. ನಾನು ಮೌನವಾಗಿರುವುದನ್ನು ಕಂಡು ಅವಳ ಮುಖ ದಿನೇದಿನೇ ಅರಳುತ್ತಿತ್ತು. ಅರಳಲಿ ಎಂದು ನಾನೂ ಬಿಟ್ಟೆ.

ಮೂರು ತಿಂಗಳ ಮೇಲೆ ಉಳಿದದ್ದು ನಡುಮನೆಯ ಗೋಡೆಯೊಂದೇ. ಇದೊಂದಾದರೂ ನೆಟ್ಟಗಾಗಲಿ ಎಂದು ನನಗೆ ಒಂದು ಉಪಾಯ ಹೊಳೆಯಿತು. ಹೊಟ್ಟೆ ತುಂಬಿದರೆ ಕೈ ತಾನಾಗಿ ಓಡುತ್ತದೆ. ಭಾನುವಾರ ಬೆಳಿಗ್ಗೆಯೇ ನಾಟಿಕೋಳಿ ತಂದುಕೊಟ್ಟೆ. ಸಾವಿತ್ರಿ ಸಾರು ಮಾಡಿಟ್ಟು, ಕಿಕ್ಕೇರಿಯ ತಂಗಿಯ ಮನೆಗೆ ಹೊರಟಳು. ಹೊರಡುವಾಗ ಆ ಗೋಡೆಯ ಹಳೆಯ ಗೂಡನ್ನು ತೋರಿಸಿದಳು. ಅದರಲ್ಲಿ ಅವಳು ಹರಕೆ ಹೊತ್ತು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿಟ್ಟ ಮುಡಿಪಿತ್ತು. "ನಾಳೆ ಸ್ವಾಮಾರ ಮಿಂದು ಎತ್ಕತೀನಿ. ನಾಗಮಂಗಲದ ಕಡೆ ವೋಗಿ ಮನೆದ್ಯಾವ್ರಿಗೆ ವೊಪ್ಪಿಸ್ಬುಟ್ ಬರವ. ಗೂಡು ಮುಚ್ಚೋದು ಆಮೇಕೆ" ಎಂದಳು. ಯಾವುದರ ಹರಕೆ ಎಂದು ನಾನು ಕೇಳಲಿಲ್ಲ. ನನಗೆ ಸಂಬಂಧಪಟ್ಟದ್ದಿರಲಾರದು ಅಂದುಕೊಂಡೆ.

ಮಧ್ಯಾಹ್ನ ಸ್ವಾಮಣ್ಣ ಎರಡು ಮುದ್ದೆ ಇಳಿಸಿದ. ಜೊತೆಗೆ ಕೂತು ನಾನೂ ಒಂದೂವರೆ ಇಳಿಸಿ ಮಲಗಿದೆ. ಸಂಜೆ ಎದ್ದು ನೋಡುತ್ತೇನೆ, ಗೋಡೆ! ಈ ತುದಿಯಿಂದ ಆ ತುದಿಯವರೆಗೆ ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಡಮನೆಯವರನ್ನೂ ಬಲಮನೆಯವರನ್ನೂ ಕೈಹಿಡಿದು ಕರೆತಂದೆ. ಹಸಿ ಗೋಡೆಯ ಮುಂದೆ ಅವರನ್ನು ನಿಲ್ಲಿಸಿ ಫೋಟೋ ತೆಗೆದೆ. ಕೋಳಿ ಸಾರಿನಲ್ಲಿ ಇಷ್ಟು ಶಕ್ತಿಯಿದೆ ಎಂದು ಗೊತ್ತಿದ್ದರೆ ಮೊದಲ ದಿನವೇ ಕೊಯ್ಯಿಸುತ್ತಿದ್ದೆ.

ಸಂಜೆಯ ಬಸ್ಸಿಗೆ ಸಾವಿತ್ರಿ ಬಂದಳು. ಗೋಡೆಯನ್ನು ನೋಡಿದಳು. "ಗೂಡೆಲ್ಲಿ?" ಎಂದಳು.

ಆಗಲೇ ನಾನೂ ಗೂಡನ್ನು ಹುಡುಕಿದ್ದು. ಅವಳು ಚೀಲವನ್ನು ಕೂಡ ಇಳಿಸದೆ ಅಲ್ಲೇ ಕುಕ್ಕರಿಸಿ, "ದ್ಯಾವ್ರ್ ಕಾಸು ಕಣ್ರೀ ಅದು" ಎಂದು ಸಣ್ಣ ದನಿಯಲ್ಲಿ ಹೇಳಿದಳು. ಅವಳಿಗೆ ನಿಜವಾಗಿ ಭಯವಾಗಿತ್ತು. ನಾನು ಸ್ವಾಮಣ್ಣನಿಗೆ ಫೋನು ಹಚ್ಚಿದೆ. ಮೂರು ತಿಂಗಳಿಂದ ನುಂಗಿದ್ದ ಬೀರು, ಮೊಳೆ, ಬೀಡಿ ಎಲ್ಲವೂ ಒಟ್ಟಿಗೆ ಹೊರಬಿದ್ದವು. ಫೋನು ಇಲ್ಲದಿದ್ದರೂ ತೊಣ್ಣೂರಿಗೆ ಕೇಳಿಸುತ್ತಿತ್ತೇನೋ.

ಸೋಮವಾರ ಬೆಳಿಗ್ಗೆ ಸ್ವಾಮಣ್ಣ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು ಬಂದ. "ಬಾಡು ತಿಂದ ಕೈಲಿ ಮುಡುಪು ಮುಟ್ಟೋದೆಂಗೆ ಸಾ? ಅದ್ಕೇ ನಿಮ್ಮುನ್ನ ಎಬ್ರಿಸಿ ಕೇಳ್ದೆ. ನೀವು ‘ನಾನೂ ತಿಂದಿವ್ನಿ, ಅದ ಮುಟ್ಬ್ಯಾಡ, ನಿನ್ ಕೆಲ್ಸ ನೀನ್ ಮಾಡು’ ಅಂತಂದು ಮಗ್ಗುಲಾದ್ರಿ. ನಾ ಮುಟ್ನಿಲ್ಲ. ಗಾರೆ ತಾಕ್ದಂಗೆ ಇಟ್ಗೆ ಅಡ್ಡ ಮಡಗಿ ಮುಚ್ದೆ" ಎಂದ.

ಸಾವಿತ್ರಿ ನನ್ನ ಕಡೆ ತಿರುಗಿದಳು. ನಿದ್ದೆಗಣ್ಣಿನಲ್ಲಿ ಯಾರೋ ಏನೋ ಕೇಳಿದ ನೆನಪು ನನಗೂ ಬಂತು. "ಮೊದಲು ಒಡಿ" ಎಂದು ಗದರಿದೆ.

ಸ್ವಾಮಣ್ಣ ಗೋಡೆಯ ಮೇಲೆ ಅಂಗೈ ಆಡಿಸಿದ, ಕಿವಿಯಿಟ್ಟು ತಟ್ಟಿದ. "ಎಲ್ಲಂತ ಗುರ್ತೇ ಸಿಕ್ತಿಲ್ಲ ಸಾ. ಅಷ್ಟ್ ಚೆಂದಾಗ್ ಬಂದದೆ" ಎಂದ. ದನಿಯಲ್ಲಿ ಹೆಮ್ಮೆಯೂ ಇತ್ತು. ಒಂದು ಕಡೆ ಒಡೆದ, ಸಿಗಲಿಲ್ಲ. ನಾನು ಕೂಗಿದೆ. ಎರಡನೆಯ ಕಡೆ ಒಡೆದ, ಸಿಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಮನೆಯ ಏಕೈಕ ನೆಟ್ಟನೆಯ ಗೋಡೆ ಕಣ್ಣೆದುರೇ ಹಾಳಾಗುತ್ತಿತ್ತು. ಮೂರನೆಯ ಸಲ ಇಟ್ಟಿಗೆ ಸರಿಯಿತು. ಒಳಗೆ ಮುಡಿಪು ಅರಿಶಿನದ ಬಣ್ಣ ಕೂಡ ಮಾಸದೆ ಕೂತಿತ್ತು.

"ಸಿಕ್ಕಿತಲ್ಲ, ನಡಿ ಹೊರಡೋಣ" ಎಂದೆ. ಸಾವಿತ್ರಿ ಕದಲಲಿಲ್ಲ.

"ವೋಗಿ ಏನಂತ ವೊಪ್ಪಿಸ್ಲಿ?" ಎಂದಳು. "ಡಾಕ್ಟ್ರು ಅಂಗಂದ್ ದಿನ ನನ್ ಕೈಕಾಲೇ ಆಡ್ನಿಲ್ಲ. ಮನೆ ಕೆಲ್ಸ ಮುಗಿಯೋಗಂಟ ಇವ್ರು ಯಾರ್ ಮ್ಯಾಲೂ ಕೂಗಾಡ್ದಂಗೆ ನೋಡ್ಕಳಪ್ಪ ಅಂತ ಕಟ್ಟಿದ್ದೆ. ಮೂರ್ ತಿಂಗ್ಳು ಸುಮ್ಕಿದ್ರಿ. ದ್ಯಾವ್ರು ಕಣ್ಬುಟ್ಟ ಅನ್ಕಂಡಿದ್ದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು. ಕಂಡಕ್ಟರನ ಮುಖವೂ ನೆನಪಿಗೆ ಬಂದು ಇನ್ನಷ್ಟು ನಾಚಿಕೆಯಾಯಿತು.

"ಮನೆ ಕೆಲ್ಸ ಇನ್ನೂ ಮುಗುದಿಲ್ಲ, ಬಣ್ಣದೋರು ಬ್ಯಾರೆ ಬರ್ಬೇಕಲ್ಲ. ಅವ್ರು ಬಂದ್ ವೋಗೋಗಂಟ ಇದು ಅಲ್ಲೇ ಇರ್ಲಿ. ಮುಚ್ಬುಡು ಸ್ವಾಮಣ್ಣ" ಎಂದಳು. "ಈ ಸಲ ಗುರ್ತಿಗೆ ವಸಿ ಉಬ್ಬುಸ್ತೀನಿ ಕಣಕ್ಕ" ಎಂದ ಸ್ವಾಮಣ್ಣ. ಬಣ್ಣ ಬಳಿದ ಗೋಡೆಯನ್ನು ಮತ್ತೆ ಒಡೆಯಬೇಕಲ್ಲ ಎಂಬ ಮಾತು ನನ್ನ ಬಾಯಿಯವರೆಗೆ ಬಂತು. ನುಂಗಿದೆ.

ಮುಂದಿನ ವಾರ ಬಣ್ಣದವನು ಬಂದ. ನಡುಮನೆಯಲ್ಲಿ ನಿಂತು, ನಡುವೆ ಬುತ್ತಿ ಗಂಟಿನಂತೆ ಉಬ್ಬಿದ್ದ ಗೋಡೆಯನ್ನೂ ಅದರ ಎರಡು ತೇಪೆಗಳನ್ನೂ ದಿಟ್ಟಿಸಿದ. "ಇದ್ಯಾವನ್ ಸಾ, ಗೋಡೆನ ಇಂಗ್ ಕೆಡಿಸಿರೋನು?" ಎಂದ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ನಾನೇ ಹೇಳಿ ಮಾಡಿಸಿದ್ದು ಕಣಪ್ಪ" ಎಂದೆ, ಸಾಧ್ಯವಾದಷ್ಟು ಮೆಲ್ಲಗೆ. ಸೌಟು ಮತ್ತೆ ಆಡತೊಡಗಿತು.